ಭಾವ ನಡೆದು ಬಂದ ದಾರಿ

ಕಲಬುರಗಿ,
೧೨ ಆಗಸ್ಟ್ ೨೦೨೫

ಪ್ರೀತಿಯ ತಮ್ಮ ವಿಶ್ವಾಸನಿಗೆ,

ನಿನ್ನ ಅಕ್ಕ ತ್ರಿವೇಣಿಯ ಜೈಭೀಮ್. ಮೊದಲು ನಿನ್ನ ಬೆರಳು ಹೇಗಿವೆ ಹೇಳು. ಎಡಗೈಯ ಎರಡು ಬೆರಳಿನ ತುದಿ ಹಿಮಕ್ಕೆ ಹೋದದ್ದು ಹೋಯಿತು, ಉಳಿದವನ್ನಾದರೂ ನೋಡಿಕೋ. ನಾನು ಕೊಟ್ಟು ಬಂದ ಮುಲಾಮನ್ನು ಮುಗಿಯುತ್ತದೆಂದು ಉಳಿಸಿ ಇಡಬೇಡ, ಇಲ್ಲಿಂದ ಬೇಕಾದಷ್ಟು ಕಳಿಸುತ್ತೇನೆ. ತಣ್ಣೀರಲ್ಲಿ ಪಾತ್ರೆ ತೊಳೆಯಬೇಡ ಎಂದು ಅಷ್ಟು ಹೇಳಿದ್ದೆ, ನಾನು ಬಸ್ ಹತ್ತುವ ದಿನವೇ ನೀನು ತೊರೆಯಲ್ಲಿ ಕೈ ಅದ್ದಿಕೊಂಡು ಕೂತಿದ್ದೆ. ಆಸ್ಪತ್ರೆಯ ಪೇಷಂಟುಗಳು ನನ್ನ ಮಾತು ಕೇಳುತ್ತಾರೆ, ಒಡಹುಟ್ಟಿದವನು ಕೇಳುವುದಿಲ್ಲ.

ಇಲ್ಲಿ ಎಲ್ಲರೂ ಇದ್ದೇವೆ. ಮಗಳು ಪ್ರಜ್ಞಾ ಎರಡನೇ ಕ್ಲಾಸಿಗೆ ಹೋಗುತ್ತಿದ್ದಾಳೆ. ಮುಂದಿನ ಹಲ್ಲು ಬಿದ್ದಿವೆ, ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಾಳೆ. ನಾನು ನಿನ್ನಲ್ಲಿಗೆ ಬಂದಿದ್ದಾಗ ಅವಳನ್ನು ಮೋಮಿನಪುರದ ಮುಬಶ್ಶಿರಾ ತನ್ನ ಮನೆಯಲ್ಲಿಟ್ಟುಕೊಂಡಿದ್ದಳು. ನನ್ನ ವಾರ್ಡಿನಲ್ಲೇ ಸಿಸ್ಟರ್ ಆಗಿದ್ದಾಳಲ್ಲ, ಅವಳೇ. ಈಗ ನಿನ್ನ ಸೊಸಿ ಅರ್ಧ ಮಾತು ಉರ್ದುವಿನಲ್ಲೇ ಆಡುತ್ತಾಳೆ. ಅವ್ವ ಕಮಲಾಪುರದಲ್ಲಿ ಅರಾಮ ಇದ್ದಾಳೆ, ಮೊಣಕಾಲು ಬಿಟ್ಟರೆ. ಕೆಂಪು ಬಾಳೆ ಈ ಸಲ ಚೆನ್ನಾಗಿ ಬಂದಿದೆ. ಸಂತೆಯ ದಿನ ಈಗಲೂ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ನಿನ್ನ ಬಗ್ಗೆ ಯಾರಾದರೂ ಕೇಳಿದರೆ, "ನನ್ನ ಮಗ ಗುಡ್ಡದಾಗ ನೌಕರಿ ಮಾಡ್ತಾನ" ಎನ್ನುತ್ತಾಳೆ. ಮುಂದಿನ ಮಾತು ಕೇಳುವ ಮೊದಲೇ ಹಣ್ಣಿನ ದರ ಹೇಳಿಬಿಡುತ್ತಾಳೆ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅಪರೂಪಕ್ಕೆ ಎತ್ತಿದರೆ "ಅರಾಮ ಅದೀನಿ ಅಕ್ಕಾ, ಸಿಗ್ನಲ್ ಹೋಗಾಕತ್ತದ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯಲು ಕೂತೆ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಒಂದು ವರ್ಷ ಆಯಿತು, ನಮ್ಮ ಮನೆಯಲ್ಲಿ ಆದದ್ದನ್ನು ಆದ ಹಾಗೆ ಒಬ್ಬರೂ ಒಂದು ಸಲವೂ ಹೇಳಿಲ್ಲ. ಒಬ್ಬರು ಶುರು ಮಾಡುತ್ತಾರೆ, ಇನ್ನೊಬ್ಬರು ಎದ್ದು ನೀರು ಕುಡಿಯಲು ಹೋಗುತ್ತಾರೆ.

ನಿನ್ನ ಭಾವನಿಗೆ ಆ ಹುಚ್ಚು ಹಿಡಿಸಿದವನು ನೀನೆಂದು ಊರವರು ಹೇಳುತ್ತಾರಲ್ಲ, ಅದು ಸುಳ್ಳು. ಮದುವೆಯಾದ ಹೊಸತರಲ್ಲೇ ಮಿಲಿಂದ ನನಗೆ ಹೇಳಿದ್ದರು, ಕಮಲಾಪುರದ ಶಾಲೆಯಲ್ಲಿ ಭೂಗೋಳದ ಮಾಸ್ತರ ಆಗಿ ಪ್ರತಿ ವರ್ಷ ಹಿಮನದಿಯ ಪಾಠ ಮಾಡುತ್ತೇನೆ, ಬರ್ಫ ಅಂದರೆ ಶರಬತ್ತಿನ ಗಾಡಿಯ ಮೇಲಿನದನ್ನು ಬಿಟ್ಟು ಬೇರೆ ಕಂಡಿಲ್ಲ ಎಂದು. ಎನ್‌ಸಿಸಿಯಿಂದ ಹೋಗಿ ಪರ್ವತಾರೋಹಣ ಕಲಿತು, ಬೇಸಿಗೆಯಲ್ಲಿ ಹಿಮಾಲಯದ ಗೈಡ್ ಆದ ಮೇಲೆ ನೀನು ರಜೆಗೆ ಬಂದಾಗಲೆಲ್ಲ ಅವರು ನಿನ್ನ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. "ಭಾವಾ, ನಾ ಕರ್ಕೊಂಡು ಹೋಗ್ತೀನಿ, ಬರ್ರಿ" ಎಂದು ನೀನು ಹೇಳಿದ ದಿನ ಅವರು ಊಟ ಮಾಡಿದ್ದನ್ನೇ ಮರೆತು ಮತ್ತೊಮ್ಮೆ ತಟ್ಟೆ ಹಾಕಿಕೊಂಡರು. ತಯಾರಿ ಎಂದು ಪ್ರಜ್ಞಾಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಮಾಳಿಗೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಅವಳು ಮೇಲಿನಿಂದ "ಇನ್ನೊಮ್ಮೆ ಪಪ್ಪಾ" ಎಂದು ಕೂಗುವುದು ಓಣಿಗೆಲ್ಲ ಕೇಳುತ್ತಿತ್ತು.

ಹೋದ ವರ್ಷ ನಿನ್ನ ಗುಂಪಿನ ಜೊತೆ ಹೊರಟೇಬಿಟ್ಟರು. ಆಮೇಲಿನದು ನೀನೇ ಹೇಳಿದ್ದು. ಘಾಟಿಯ ಕೆಳಗಿನ ಬಿಡಾರದಲ್ಲಿ ಅವರಿಗೆ ತಲೆನೋವು ಬಂದಿತ್ತು, ನಿನಗೆ ಹೇಳಲಿಲ್ಲ. ಹೇಳಿದರೆ ಹಿಂದೆ ಕಳಿಸುತ್ತೀ ಎಂದು ಹೆದರಿರಬೇಕು. ಮರುದಿನ ಗುಂಪಿನ ಉಳಿದವರು ಇನ್ನೊಬ್ಬ ಗೈಡ್ ಜೊತೆ ಘಾಟಿ ದಾಟಿ ಆ ಕಡೆ ಇಳಿದರು. ಹಿಂದೆ ಬಿದ್ದ ಇವರ ಜೊತೆ ನೀನೊಬ್ಬನೇ ಉಳಿದೆ. ಎದೆಯಲ್ಲಿ ಗುಳುಗುಳು ಸಪ್ಪಳ ಕೇಳಿದ ಕೂಡಲೇ ನೀನು ಅವರನ್ನು ಕೆಳಗೆ ತಿರುಗಿಸಿದೆ. ಆಗಲೇ ಹಿಮ ಸುರಿಯಲು ಶುರುವಾಯಿತು. ನಡೆಯಲಾಗದಿದ್ದಾಗ ಬೆನ್ನ ಮೇಲೆ ಹೊತ್ತೆ. ಹೊರಲೂ ಆಗದಿದ್ದಾಗ ಬಂಡೆಯೊಂದರ ಮರೆಯಲ್ಲಿ, ನಿನ್ನ ಮಲಗುವ ಚೀಲವನ್ನೂ ಅವರ ಚೀಲವನ್ನೂ ಒಂದರೊಳಗೊಂದು ಸೇರಿಸಿ ಅದರಲ್ಲಿ ಮಲಗಿಸಿ, ಕುರಿಗಾರರನ್ನು ಕರೆತರಲು ಇಳಿದೆ. ನೀನು ಹೊದೆಯಲು ಏನೂ ಇಟ್ಟುಕೊಳ್ಳಲಿಲ್ಲ. ಬೆರಳು ಹೋದದ್ದು ಅದಕ್ಕೇ. ಗಾಳಿ ನಿಂತ ಮೇಲೆ ಜನರನ್ನು ಕರೆದುಕೊಂಡು ನೀನು ಮೇಲೆ ಹೋದಾಗ ಇಡೀ ಇಳಿಜಾರಿನ ಹಿಮ ಜಾರಿ ಬಂದು ಬಂಡೆಯನ್ನೇ ಮುಚ್ಚಿಬಿಟ್ಟಿತ್ತು.

ನೀನು ಫೋನಿನಲ್ಲಿ ಸುದ್ದಿ ಹೇಳಿದ ದಿನ ನಮ್ಮ ಮಾವನವರು ನನ್ನ ಕೈಯಿಂದ ಫೋನ್ ಕಸಿದುಕೊಂಡು ನಿನಗೆ ಅಂದ ಮಾತು ಓಣಿಯ ಜನ ಕೇಳಿದರು: "ನನ್ನ ಮಗನ್ನ ಎಲ್ಲಿ ಬಿಟ್ಟು ಬಂದ್ಯೋ? ನೀ ಒಬ್ಬನೇ ಜೀವಂತ ಹ್ಯಾಂಗ ಬಂದಿ?" ನೀನು ಆ ಕಡೆಯಿಂದ ಫೋನ್ ಇಡಲಿಲ್ಲ. ಅವರೂ ಇಡಲಿಲ್ಲ. ಕೊನೆಗೆ ನಾನೇ ಅವರ ಕೈಯಿಂದ ತೆಗೆದುಕೊಂಡೆ. ಅಂದಿನಿಂದ ನೀನು ಊರಿಗೆ ಬರಲಿಲ್ಲ.

ಸಪ್ಟೆಂಬರಿನಲ್ಲಿ ಹಿಮ ಕರಗಿ ಮಿಲಿಂದ ಸಿಕ್ಕಿದಾಗ ರಸ್ತೆ ಕುಸಿದಿತ್ತು, ನಾವು ಯಾರೂ ಬರಲಾಗಲಿಲ್ಲ. ಪೊಲೀಸರು ಬಂದು ನೋಡಿ ಹೋದರು, ಹಳ್ಳಿಯ ಜನರ ಜೊತೆ ನೀನೇ ಮಣ್ಣು ಮಾಡಿದೆ. ಫೋನಿನಲ್ಲಿ ನನಗೆ ಹೇಳಿದೆ: "ಎಲ್ಲಿ ಬಿಟ್ಟಿದ್ದೆನೋ ಅಲ್ಲೇ ಇದ್ರು ಅಕ್ಕಾ. ನಿದ್ದಿ ಮಾಡಿದ್ಹಂಗ ಇದ್ರು." ಆ ಒಂದು ಮಾತಿನ ಮೇಲೆ ನಾವು ಇಷ್ಟು ದಿನ ಕಳೆದೆವು, ವಿಶ್ವಾಸ. ಮಾವನವರು ಬಂದವರಿಗೆಲ್ಲ ಹೇಳುತ್ತಿದ್ದರು, "ನಮ್ಮ ಮಿಲಿಂದ ನಿದ್ದಿಯೊಳಗ ಹೋದ, ತ್ರಾಸ ಆಗಿಲ್ಲ." ನಾನೂ ಹಾಗೆಯೇ ನಂಬಿದ್ದೆ.

ಈ ಜುಲೈನಲ್ಲಿ ನಾನು ಬರುತ್ತೇನೆಂದಾಗ ನೀನು ಬೇಡ ಎಂದೆ. ಆದರೂ ಬಂದೆ. ಬಸ್ಸಿನಿಂದ ಇಳಿದಾಗ ನಿನ್ನ ಗುರುತು ಸಿಗಲಿಲ್ಲ. ನನ್ನ ತಮ್ಮ ಅಷ್ಟು ತೆಳ್ಳಗೆ ಎಂದೂ ಇರಲಿಲ್ಲ, ಅಷ್ಟು ಮೌನವಾಗಿಯೂ ಇರಲಿಲ್ಲ. ಮೇಲಿನ ಹಳ್ಳಿಯಲ್ಲಿ ಪದ್ಮಾ ದೀದಿಯ ಮನೆಯಲ್ಲಿ, ಕುದುರೆಯ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ನೀನಿರುವುದು ನೋಡಿದೆ. ಮರುದಿನ ಮಿಲಿಂದರನ್ನು ಮಣ್ಣು ಮಾಡಿದ ಜಾಗಕ್ಕೆ ಹೊರಟೆವು. ಕಲಬುರಗಿ ಸೀಮೆಯ ಬಿಸಿಲಲ್ಲಿ ಹುಟ್ಟಿ ಬೆಳೆದ ನನ್ನ ಕಾಲಿಗೆ ಆ ನೆಲ ಏನೆಂದೇ ತಿಳಿಯಲಿಲ್ಲ. ಮೊದಲು ಗೋಧಿಯಂಥ ಹಸಿರು ಹೊಲ, ಆಮೇಲೆ ಮುಳ್ಳಿನ ಕಾಡುಗುಲಾಬಿ, ಆಮೇಲೆ ಬರೀ ಕಲ್ಲು. ಒಂದು ಗಿಡ ಇಲ್ಲ, ನೆರಳಿಲ್ಲ. ಬಿಸಿಲಿಗೆ ಮುಖ ಸುಡುತ್ತದೆ, ಮೋಡ ಅಡ್ಡ ಬಂದ ಕೂಡಲೇ ಹಲ್ಲು ಕಟಕಟ ಎನ್ನುತ್ತವೆ. ನಾಲ್ಕು ಹೆಜ್ಜೆ ಹಾಕಿ ನಿಲ್ಲಬೇಕು. ನಿಂತರೆ ನನ್ನ ಎದೆಬಡಿತ ನನಗೇ ಕಿವಿಯಲ್ಲಿ ಕೇಳುತ್ತದೆ. ದಿನಾ ಇನ್ನೊಬ್ಬರ ಮೂಗಿಗೆ ಆಕ್ಸಿಜನ್ ನಳಿಕೆ ಹಾಕುವವಳಿಗೆ, ಉಸಿರು ಸಾಲದೆ ಇರುವುದೆಂದರೆ ಏನೆಂದು ಅಲ್ಲಿ ಗೊತ್ತಾಯಿತು. ಬೂಟು ಬಿಚ್ಚಿ ಹೊಳೆ ದಾಟುವಾಗ ನೀರಿನ ತಂಪಿಗೆ ನಾನು ಅಳುತ್ತಿದ್ದೆ. ದುಃಖಕ್ಕಲ್ಲ, ಬರೀ ಕಾಲಿನ ನೋವಿಗೆ. ನೀನು ನನ್ನ ಎರಡೂ ಪಾದಗಳನ್ನು ನಿನ್ನ ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದು ಕೂತೆ.

ದಾರಿಯಲ್ಲಿ ನೀನು ಆಡುತ್ತಿದ್ದ ಮಾತೆಲ್ಲ ಹುಕುಂ ಮಾತ್ರ. "ನೀರು ಕುಡಿ." "ನಿಲ್ಲು." "ಕಾಲು ಇಲ್ಲಿಡು." ದಿನಾ ಬೆಳಿಗ್ಗೆ ಟೆಂಟಿನ ಬಾಗಿಲಲ್ಲಿ ಕೂತು ನನ್ನ ಬೆರಳಿಗೆ ಆಕ್ಸಿಮೀಟರ್ ಹಾಕಿ, ಮಿದುಳು ನೆಟ್ಟಗಿದೆಯೋ ಇಲ್ಲವೋ ನೋಡಲು ಪ್ರಶ್ನೆ ಕೇಳುತ್ತಿದ್ದೆ. "ನಮ್ಮೂರು ಯಾವುದು?" ಕಮಲಾಪುರ. "ಅವ್ವನ ಹೆಸರೇನು?" ಶಿವಕಾಂತಮ್ಮ. "ಮನಿ ಮುಂದ ಏನದ?" ಬೇವಿನ ಗಿಡ, ಅದರ ಬುಡಕ್ಕೆ ಮುರಿದ ಕಟ್ಟೆ. ಎಲ್ಲ ಗೈಡುಗಳೂ ಹೀಗೆಯೇ ಕೇಳುತ್ತಾರಂತೆ. ಆದರೆ ಉತ್ತರ ಸರಿ ಬಂದ ಮೇಲೂ ನೀನು ಇನ್ನೊಂದು, ಮತ್ತೊಂದು ಕೇಳುತ್ತಿದ್ದೆ. ಕಟ್ಟೆ ಸರಿ ಮಾಡಿಸಿದರೋ ಇಲ್ಲವೋ, ಅವ್ವ ಈಗಲೂ ಹೊರಗೆ ಒಲೆ ಹೂಡುತ್ತಾಳೋ. ಅದು ನನ್ನ ಮಿದುಳಿನ ಪರೀಕ್ಷೆ ಅಲ್ಲ ಎಂದು ನನಗೆ ತಿಳಿಯಿತು. ಊರಿನ ಸುದ್ದಿ ಕೇಳಲು ನಿನಗೆ ಬೇರೆ ದಾರಿ ಇರಲಿಲ್ಲ. ಅದಕ್ಕೇ ನಾನೂ ಉದ್ದುದ್ದ ಉತ್ತರ ಹೇಳುತ್ತಿದ್ದೆ.

ಹಿಮದ ಇಳಿಜಾರು ಅಡ್ಡ ದಾಟುವಾಗ ನನ್ನ ಸೊಂಟಕ್ಕೂ ನಿನ್ನ ಸೊಂಟಕ್ಕೂ ಒಂದೇ ಹಗ್ಗ ಕಟ್ಟಿದೆ. ಕೆಳಗೆ ನೋಡಬೇಡ ಎಂದರೂ ನೋಡಿದೆ. ಕೆಳಗೆ ಏನೂ ಇರಲಿಲ್ಲ, ಬರೀ ಬೆಳಕು. ನನ್ನ ಕಾಲು ಜಾರಿತು. ನೀನು ಕೈಯಲ್ಲಿದ್ದ ಹಿಮಗೊಡಲಿಯನ್ನು ನೆಲಕ್ಕೆ ಹೊಡೆದು ಅದರ ಮೇಲೆ ಬಿದ್ದುಕೊಂಡೆ. ಹಗ್ಗ ಬಿಗಿಯಾಗಿ ನಾನು ನಿಂತೆ. ಎಳೆದುಕೊಂಡ ಮೇಲೆ ನೀನು ನನ್ನ ಮುಖ ನೋಡಲಿಲ್ಲ. ಹಗ್ಗ ಬಿಚ್ಚುವಾಗ ಗಂಟು ಬಿಚ್ಚಲು ನಿನಗೆ ಆಗಲಿಲ್ಲ. ನಾನೇ ಬಿಚ್ಚಿದೆ. ಆ ಹೊತ್ತಿನಲ್ಲೇ ಮಾತಾಡಬೇಕಿತ್ತು ನಾವು.

ದೂರದಿಂದಲೇ ಆ ಬಂಡೆ ತೋರಿಸಿದೆ, ಘಾಟಿಯ ಹತ್ತಿರ ಮೇಲೆ ಕಪ್ಪಗೆ. ಮಣ್ಣು ಮಾಡಿದ ಜಾಗ ಮಾತ್ರ ಬಹಳ ಕೆಳಗೆ, ತೊರೆಯ ಪಕ್ಕ ಇತ್ತು. ನಾನು ಕೇಳುವ ಮೊದಲೇ ನೀನೇ ಹೇಳಿದೆ: "ಮ್ಯಾಲ ಬರೇ ಕಲ್ಲು. ಇಲ್ಲಿ ಮಣ್ಣು ಮೆತ್ತಗದ, ಅದಕ್ಕ ಇಲ್ಲಿಗೆ ಹೊತ್ಕೊಂಡು ಬಂದ್ವಿ." ಚಪ್ಪಟೆ ಕಲ್ಲುಗಳನ್ನು ಎಷ್ಟು ಚಂದ ಜೋಡಿಸಿದ್ದೆ! ಬಾಬಾಸಾಹೇಬರ ಸಣ್ಣ ಫೋಟೋ ಒಂದನ್ನು ಗಾಜಿನ ಸೀಸೆಯೊಳಗಿಟ್ಟು ಕಲ್ಲಿನ ನಡುವೆ ಸಿಕ್ಕಿಸಿದ್ದೆ, ನೀರು ಹೋಗದ ಹಾಗೆ. ನಾನು ಪಕ್ಕದಲ್ಲಿ ಕೂತೆ. ಬುದ್ಧಂ ಸರಣಂ ಎಂದು ತ್ರಿಶರಣ ಹೇಳಲು ಶುರು ಮಾಡಿ ಉಸಿರು ಸಾಲದೆ ನಿಲ್ಲಿಸಿದೆ, ಮತ್ತೆ ಹೇಳಿದೆ. ಮೇಲೆ, ಅವರು ನೋಡಬೇಕೆಂದು ಬಂದ ಹಿಮನದಿ ಎದುರಿಗೇ ಇತ್ತು. ಅದು ಅಷ್ಟು ಹೊಲಸಾಗಿ, ಮಣ್ಣು ಮೆತ್ತಿಕೊಂಡು ಬೂದು ಬಣ್ಣಕ್ಕಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಕ್ಕಳಿಗೆ ಅವರು ಬೆಳ್ಳಗಿರುತ್ತದೆ ಎಂದೇ ಹೇಳುತ್ತಿದ್ದರು. ನೀನು ಬೆನ್ನು ಮಾಡಿ ದೂರ ನಿಂತಿದ್ದೆ.

ಹಳ್ಳಿಗೆ ಮರಳಿದ ದಿನ ನೀನು ಕುದುರೆಗಳಿಗೆ ಹುಲ್ಲು ತರಲು ಹೋದಾಗ ಪದ್ಮಾ ದೀದಿ ನನಗೆ ಚಹಾ ಕೊಟ್ಟು ಎದುರಿಗೆ ಕೂತಳು. ನನ್ನ ಕಲಬುರಗಿ ಉರ್ದು, ಅವಳ ಗುಡ್ಡದ ಹಿಂದಿ, ಹೇಗೋ ನಡೆಯುತ್ತಿತ್ತು. ಅವಳು ಸಮಾಧಾನ ಹೇಳಲೆಂದೇ ಹೇಳಿದಳು, ಅವಳ ಮೇಲೆ ಸಿಟ್ಟಾಗಬೇಡ. ಎಲ್ಲಿ ಸಿಕ್ಕರೋ ಅಲ್ಲೇ ಮಣ್ಣು ಮಾಡಿದೆವು, ಎಲ್ಲಿಂದಲೂ ಹೊತ್ತು ತರಲಿಲ್ಲ ಎಂದಳು. ತೊರೆಯ ಪಕ್ಕ ಕಲ್ಲಿಗೆ ಬೆನ್ನು ಕೊಟ್ಟು ಕೂತಿದ್ದರಂತೆ, ಮುಖ ಹಳ್ಳಿಯ ಕಡೆಗೆ. ಬಂಡೆಯ ಮರೆಯಲ್ಲಿ ಚೀಲ ಮಾತ್ರ ಇತ್ತಂತೆ, ಒಳಗಿನಿಂದ ಬಿಚ್ಚಿದ್ದು. ಅದನ್ನು ನೋಡಿದ ಮೇಲೆ ನೀನು ಎಷ್ಟೋ ದಿನ ಊಟ ಬಿಟ್ಟಿದ್ದೆಯಂತೆ.

ನನಗೆ ಅರ್ಥವಾಗಲು ತಡವಾಗಲಿಲ್ಲ. ಹಿಮ ಜಾರಿ ಬೀಳುವ ಮೊದಲೇ ಅವರು ಎದ್ದಿದ್ದರು. ನೀನು ಹೋದ ಮೇಲೆ ಅವರಿಗೆ ಎಚ್ಚರವಾಗಿದೆ, ಒಬ್ಬರೇ ಅಷ್ಟು ದೂರ ನಡೆದಿದ್ದಾರೆ. ಸುರಿದ ಹಿಮ ಮುಚ್ಚಿದ್ದರಿಂದ, ನೀವು ಮೇಲೆ ಹೋಗುವಾಗ ಕಾಣಲಿಲ್ಲ. ನಿದ್ದೆಯಲ್ಲಿ ಹೋಗಲಿಲ್ಲ. ಇದನ್ನು ನಮ್ಮಿಂದ ಮುಚ್ಚಿಡಲೆಂದೇ ನೀನು ಅಲ್ಲಿ ಉಳಿದೆ, ಮನೆಗೆ ಬಂದರೆ ಮುಖದ ಮೇಲೆ ಕಾಣುತ್ತದೆಂದು. ಆ ಸಂಜೆ ನಿನ್ನ ಮೇಲೆ ನನಗೆ ಎಂಥ ಸಿಟ್ಟು ಬಂದಿತ್ತೆಂದರೆ ನಿನ್ನ ಕೈಯ ರೊಟ್ಟಿ ತಿನ್ನಲಾಗಲಿಲ್ಲ. ತಲೆನೋವು ಎಂದು ಸುಳ್ಳು ಹೇಳಿದೆ. ನೀನು ಹೆದರಿ ಆಕ್ಸಿಮೀಟರ್ ತಂದೆ. ಮರುದಿನ ನೀನು ಬಸ್ಸಿನ ಮೇಲೆ ನನ್ನ ಚೀಲ ಕಟ್ಟಿ, ತಿರುಗಿ ನೋಡದೆ ಗುಡ್ಡ ಹತ್ತಿ ಹೋದೆ. ನಾನು ಕಿಟಕಿಯಿಂದ ನಿನ್ನನ್ನು ಕೂಗಿದೆ. ಗಾಳಿಗೆ ನಿನಗೆ ಕೇಳಿಸಲಿಲ್ಲವೇನೋ.

ಇಲ್ಲಿಗೆ ಬಂದು ವಾರ್ಡಿನಲ್ಲಿ ನಿಲ್ಲುವುದು ಕಷ್ಟವಾಯಿತು. ಯಾರಾದರೂ ಏದುಸಿರು ಬಿಟ್ಟರೆ ಸಾಕು, ಹಿಮದಲ್ಲಿ ಅವರು ಏಳುವುದು, ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು ಕಣ್ಣಿಗೆ ಕಟ್ಟುತ್ತದೆ. ಯಾರ ಹೆಸರು ಕೂಗಿರಬಹುದು ಎಂದು ಕೇಳಿಕೊಳ್ಳಬಾರದೆಂದರೂ ಕೇಳಿಕೊಳ್ಳುತ್ತೇನೆ. ಇದು ಹೋಗುವ ನೋವಲ್ಲ, ನಿನಗೆ ಸುಳ್ಳು ಹೇಳುವುದಿಲ್ಲ. ಆದರೆ ಸಿಸ್ಟರ್ ಆಗಿ ಒಂದು ಮಾತು ಹೇಳುತ್ತೇನೆ, ಕೇಳು. ಆ ಎತ್ತರದಲ್ಲಿ ಎದೆಯಲ್ಲಿ ನೀರು ತುಂಬಿದವರಿಗೆ ಇರುವ ದೊಡ್ಡ ಔಷಧ ಕೆಳಗೆ ಇಳಿಯುವುದು. ನೀನು ಘಾಟಿಯ ಬಾಯಲ್ಲೇ ಕೂತುಬಿಟ್ಟಿದ್ದರೆ ಅವರು ನಿನ್ನ ತೊಡೆಯ ಮೇಲೆ ಪ್ರಾಣ ಬಿಡುತ್ತಿದ್ದರು. ನೀನು ಬೆನ್ನ ಮೇಲೆ ಹೊತ್ತು ಇಳಿಸಿದ್ದಕ್ಕೇ ಅವರಿಗೆ ಎದ್ದು ನಿಲ್ಲುವಷ್ಟು ಉಸಿರು ಬಂತು. ಎದ್ದವರು ನೀನು ಬಿಟ್ಟು ಹೋದೆ ಎಂದು ತಿಳಿದಿದ್ದರೆ ಮೇಲೆ ಘಾಟಿಯ ಕಡೆ, ಗುಂಪಿನ ಕಡೆ ಹೋಗುತ್ತಿದ್ದರು. ಅವರು ಬಂದದ್ದು ನೀನು ಹೋದ ದಾರಿಯಲ್ಲಿ. ನಿನ್ನನ್ನು ಎದುರುಗೊಳ್ಳಲು ಬಂದರು ವಿಶ್ವಾಸ. ನೀನು ಜನರನ್ನು ಕರೆದುಕೊಂಡು ಬಂದೇ ಬರುತ್ತೀ ಎಂದು ಗೊತ್ತಿದ್ದವರು ಮಾತ್ರ ಹಾಗೆ ಹಳ್ಳಿಯ ಕಡೆ ಮುಖ ಮಾಡಿ ಕೂರುತ್ತಾರೆ.

ಮಾವನವರಿಗೆ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ನಿದ್ದೆಯೊಳಗೆ ಹೋದ ಎಂಬ ಮಾತು ಒಂದೇ ಅವರಿಗೆ ಉಳಿದಿದ್ದ ಆಧಾರ. ಮುಬಶ್ಶಿರಾ ಬೇಡವೆಂದಳು. ಅವ್ವ ಮಾತ್ರ, "ಹೇಳು. ಅಂಬಣ್ಣ ಮಿಲಿಂದನ ತಂದಿ ಅದಾನ, ಅವನಿಗಿ ತಿಳೀಬೇಕು. ನನ್ನ ಮಗಾ ಒಬ್ಬನೇ ಎಷ್ಟು ಹೊರತಾನ?" ಎಂದಳು. ಹೋದ ಭಾನುವಾರ ಅಂಗಳದಲ್ಲಿ ಅವರು ಗಡ್ಡ ಮಾಡಿಕೊಳ್ಳುತ್ತಿದ್ದಾಗ ಹೇಳಿದೆ. ಅರ್ಧ ಮುಖಕ್ಕೆ ಸಾಬೂನು ಹಾಗೇ ಒಣಗಿತು. ಎಲ್ಲ ಕೇಳಿ, "ಎಷ್ಟು ದೂರ ನಡದಾನ?" ಎಂದರು. ಇಲ್ಲಿಂದ ಬಸ್‌ಸ್ಟ್ಯಾಂಡಿಗಿಂತ ದೂರ ಎಂದೆ. "ಬರ್ಫಿನ್ಯಾಗ?" ಹೌದು ಎಂದೆ. ಜೀವಮಾನವೆಲ್ಲ ಕಮಲಾಪುರದ ಬಸ್ ಓಡಿಸಿದವರು, ಗಂಡಸು ಅಳಬಾರದು ಎನ್ನುವವರು, ಮಗನ ಸುದ್ದಿ ಬಂದಾಗಲೂ ಕಣ್ಣು ಒದ್ದೆ ಮಾಡದವರು, ಕನ್ನಡಿ ಬೋರಲು ಹಾಕಿ ಅತ್ತರು. ಪ್ರಜ್ಞಾ ಬಂದು "ಮುತ್ಯಾ, ಕಣ್ಣಾಗ ಸಾಬೂನು ಹೋತೇನು?" ಎಂದಳು. ಹೌದು ಎಂದರು. ಮುಖ ತೊಳೆದುಕೊಂಡು, ನನ್ನ ಕಡೆ ನೋಡದೆ ಕೇಳಿದರು: "ಆ ಹುಡುಗನ ಬೆರಳು ಎಷ್ಟು ಹೋಗ್ಯಾವ ಯವ್ವಾ?" ಒಂದು ವರ್ಷದಲ್ಲಿ ಅವರು ನಿನ್ನ ಬಗ್ಗೆ ಕೇಳಿದ್ದು ಅದೇ ಮೊದಲು.

ಇಷ್ಟೇ ಹೇಳಬೇಕಿತ್ತು. ಮುಚ್ಚಿಡುವುದು ಇನ್ನೇನೂ ಉಳಿದಿಲ್ಲ, ಕಾವಲು ಕಾಯುವುದೂ ಬೇಡ. ಮಿಲಿಂದ ಅಲ್ಲಿ ಇದ್ದಾರೆ, ಇರುತ್ತಾರೆ. ನನ್ನ ಹತ್ತಿರ ಉಳಿದಿರುವವನು ನೀನು. ಅವ್ವ ನಿನ್ನ ಮುಖ ಸವರಿದ ಹಾಗೆಂದು ತಿಳಿದುಕೋ ಎಂದು ಬರೆಯಲು ಹೇಳಿದ್ದಾಳೆ. ಪ್ರಜ್ಞಾ ಮಾಮಾನಿಗೆ ಮುತ್ತು ಕಳಿಸಿದ್ದಾಳೆ. ಪದ್ಮಾ ದೀದಿಗೆ ನನ್ನ ನಮಸ್ಕಾರ ಹೇಳು. ಬುದ್ಧನ ಕರುಣೆ ನಿನ್ನ ತಲೆಯ ಮೇಲಿರಲಿ, ಕೈಗವಸು ನಿನ್ನ ಬೆರಳ ಮೇಲಿರಲಿ.

ನಿನ್ನ ಅಕ್ಕ,
ತ್ರಿವೇಣಿ

ತಾ.ಕ.: ಇದನ್ನು ಅಂಚೆಗೆ ಹಾಕಲು ಹೊರಟಿದ್ದೆ. ಮಾವನವರು ಬಾಗಿಲಲ್ಲಿ ನಿಂತು ನನ್ನ ಕೈಯಿಂದ ತೆಗೆದುಕೊಂಡುಬಿಟ್ಟರು. ಅವರೇ ತರುತ್ತಾರಂತೆ. ಅವರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಮಕ್ಸೂದ್ ಚಾಚಾ ಜೊತೆಗೆ ಬರುತ್ತಾರೆ, ಗಾಡಿಗೆ ಹೊತ್ತಾಗಿದೆ, ಆಟೋ ಹೊರಗೆ ನಿಂತಿದೆ, ಅವರಿಂದ ಲಕೋಟೆ ಇಸಿದುಕೊಂಡು ತೆರೆದು ಇಷ್ಟು ಬರೆಯುತ್ತಿದ್ದೇನೆ. ಡಾಕ್ಟರು ಆ ಎತ್ತರ ನಿಮ್ಮ ಎದೆಗೆ ಆಗುವುದಿಲ್ಲ ಎಂದರು, ಕೇಳಲಿಲ್ಲ. "ನಾ ಅಂದ ಮಾತು ನಾನೇ ಹೋಗಿ ಹಿಂದ ತಗೋಬೇಕು" ಎಂದರು. ಅಂದರೆ ಈ ಪತ್ರ ನಿನ್ನ ಕೈಗೆ ಬಂದಿದೆ ಎಂದರೆ, ಬಸ್ಸು ಕೊನೆಗೆ ನಿಲ್ಲುವಲ್ಲಿ ಅವರು ಬಂದು ಕೂತಿದ್ದಾರೆ, ಹಳ್ಳಿಗೆ ಹೋಗುವ ಯಾರದೋ ಕೈಯಲ್ಲಿ ಇದನ್ನು ಮೇಲೆ ಕಳಿಸಿದ್ದಾರೆ. ನೀನು ಬರುವ ತನಕ ಅವರು ಅಲ್ಲಿಂದ ಏಳುವುದಿಲ್ಲ. ಅವರಿಗೆ ಗುಡ್ಡ ಹತ್ತಲು ಆಗುವುದಿಲ್ಲ ವಿಶ್ವಾಸ. ನೀನೇ ಇಳಿದು ಬಾ.